ಜೇಬಿನಲ್ಲಿದ್ದ ರೆಕ್ಕೆ

ಚಿನ್ನೂ, ಪುಟ್ಟಾ, ಇದನ್ನು ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮಗೆ ಓದಲು ಬರುವುದಿಲ್ಲವೆಂದು ಗೊತ್ತು. ಚಿನ್ನು ನಾನು ಹೇಳಿದ್ದನ್ನೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಪುಟ್ಟ ಅಷ್ಟೂ ಮಾಡುವುದಿಲ್ಲ, ತಲೆಯಾಡಿಸಿ ಓಡುತ್ತಾನೆ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನನ್ನ ಗಂಟಲು ಒಣಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಯಾವತ್ತಾದರೂ ನೀವೇ ಓದಿಕೊಳ್ಳಿ, ಇಲ್ಲವೇ ಬಲ್ಲವರ ಕೈಯಲ್ಲಿ ಓದಿಸಿಕೊಳ್ಳಿ.

ನಿಮ್ಮಪ್ಪನ ಕೆಲಸ ಹೋಗುವುದರಲ್ಲಿದ್ದ ಏಳು ದಿನಗಳ ಸಂಗತಿ ಇದು. ನಿಮ್ಮಮ್ಮ ಇದನ್ನು ಹೇಳುವಾಗ ನನ್ನ ತಪ್ಪನ್ನು ಸಣ್ಣದು ಮಾಡಿ ಹೇಳುತ್ತಾಳೆ. ಮಗಳಲ್ಲವೇ. ಅದು ಸಣ್ಣದಾಗಿರಲಿಲ್ಲ.

ಪುಟ್ಟನ ಬಾಣಂತನಕ್ಕೆಂದು ನಾನು ಮಲೇಷ್ಯಾಕ್ಕೆ ಬಂದದ್ದು. ಮೂರು ತಿಂಗಳಿದ್ದು ಹೊರಡುವುದೆಂದು ಮಾತಾಗಿತ್ತು. ನಾಮಕರಣ ಮುಗಿದ ಕೆಲವೇ ವಾರಕ್ಕೆ ಕೊರೊನಾ ಬಂತು, ವಿಮಾನಗಳು ನಿಂತವು, ಸೈಬರ್‌ಜಯಾದ ಹನ್ನೊಂದನೆಯ ಮಹಡಿಯ ಮನೆಯಲ್ಲಿ ನಾವು ಐವರೂ ಸಿಕ್ಕಿಬಿದ್ದೆವು. ಎರಡು ಕೋಣೆ, ಒಂದು ಹಜಾರ, ನಾಲ್ಕು ಬಟ್ಟೆ ಹರವುವಷ್ಟು ಬಾಲ್ಕನಿ. ಕೆಳಗೆ ಅಗಲವಾದ ರಸ್ತೆಗಳು, ಅದರಲ್ಲಿ ಒಂದು ಕಾರೂ ಇಲ್ಲ. ಸಾಮಾನಿಗೆ ಮನೆಗೊಬ್ಬರು ಮಾತ್ರ ಹೋಗಿ ಬರಬಹುದಿತ್ತು. ಮಧ್ಯಾಹ್ನವಾದರೆ ಗುಡುಗು ಮಳೆ, ಮಳೆ ನಿಂತರೆ ಇನ್ನಷ್ಟು ಸೆಕೆ.

ಆ ಮನೆಯಲ್ಲಿ ನಿಮ್ಮಪ್ಪನಿಗೂ ನನಗೂ ಮಾತಿರಲಿಲ್ಲ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಏನಾದರೂ ಹೇಳಬೇಕಾದರೆ ಬಾಗಿಲ ಮರೆಯಲ್ಲಿ ನಿಂತು ಮಗಳ ಬಾಯಿಂದ ಹೇಳಿಸುತ್ತಾಳೆ. ನನ್ನ ತಾಯಿ ನಿಮ್ಮ ತಾತನ ಹತ್ತಿರ ಸಾಯುವ ತನಕ ಒಂದು ಮಾತೂ ಆಡಲಿಲ್ಲ, ಅದರಲ್ಲಿ ದ್ವೇಷವೇನೂ ಇರಲಿಲ್ಲ. ನಿಮ್ಮಪ್ಪನ ಮತ್ತು ನನ್ನ ನಡುವೆ ಅದು ಇತ್ತು. ನಿಮ್ಮಪ್ಪ ನಿಮ್ಮಮ್ಮನನ್ನು ಕೇಳಲು ಬಂದ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ನಿಮ್ಮ ತಾತನಿಗೆ, ವಿಮಾನದ ಬೋಲ್ಟು ತಿರುಗಿಸುವ ಮೆಕ್ಯಾನಿಕ್ಕಿಗೆ ಮಗಳನ್ನು ಕೊಡುವುದಿಲ್ಲ ಎಂದಿದ್ದೆ. ಹೊರಗೆ ಕೂತಿದ್ದವರ ಕಿವಿಗೆ ಅದು ಬಿತ್ತು. ಮದುವೆಯಂತೂ ಆಯಿತು. ಆದರೆ ಹನ್ನೆರಡು ವರ್ಷ ಆ ಮಾತು ಹಾಗೇ ಉಳಿಯಿತು. ಸಂಪ್ರದಾಯದ ನೆಪ ಇಬ್ಬರಿಗೂ ಅನುಕೂಲವಾಗಿತ್ತು. ನಾನು ಕಟ್ಟುನಿಟ್ಟಾಗಿ ಮರೆಯಲ್ಲಿ ನಿಲ್ಲುತ್ತಿದ್ದೆ, ಅವರು ಕಟ್ಟುನಿಟ್ಟಾಗಿ ನನ್ನ ಕಡೆ ನೋಡುತ್ತಿರಲಿಲ್ಲ.

ಚಿನ್ನುವಿಗೆ ಬುದ್ಧಿ ಬಂದ ಮೇಲೆ ಮಾತು ಸಾಗಿಸುವ ಕೆಲಸ ಅವಳಿಗೆ ಬಂತು. ನಾಮಕರಣದ ದಿನ ಮೇಲಿನ ಮನೆಯವರು ಗಂಡ ಹೆಂಡತಿ ಊಟಕ್ಕೆ ಬಂದಿದ್ದರು. ಮೇಲಿನ ಮನೆಯವರೆಂದರೆ ಹದಿನಾಲ್ಕನೆಯ ಮಹಡಿಯಲ್ಲಿದ್ದ ಉಡುಪಿ ಕಡೆಯವರು. ಗಂಡ ನಿಮ್ಮಪ್ಪನ ಕಂಪನಿಯಲ್ಲೇ ನಿಮ್ಮಪ್ಪನಿಗಿಂತ ಮೇಲಿನ ಅಧಿಕಾರಿ, ಸರಕಿನ ವಿಮಾನಗಳು ಹೊತ್ತಿಗೆ ಸರಿಯಾಗಿ ಹೊರಡುವುದು ಅವರ ಜವಾಬ್ದಾರಿ. ಅಂದು ನಾನು ಬಾಗಿಲ ಹಿಂದೆ ನಿಂತು, ಪಾಯಸ ಇನ್ನಷ್ಟು ಬೇಕೇ ಎಂದು ಅಪ್ಪನನ್ನು ಕೇಳು ಅಂತ ಚಿನ್ನುವನ್ನು ಕಳಿಸಿದೆ. ಚಿನ್ನು ಹೋಗಿ ಕೇಳಿದಳು, ಬೇಡ ಎಂಬ ಉತ್ತರ ಹೊತ್ತು ತಂದಳು. ಮೇಲಿನ ಮನೆಯವರಿಗೆ ನಗು ತಡೆಯಲಾಗಲಿಲ್ಲ.

"ಇದೆಂತ ಮಾರಾಯ, ಎರಡು ಮಾರು ದೂರಕ್ಕೆ ವಯರ್‌ಲೆಸ್ಸಾ? ಅತ್ತೆ ಅಳಿಯ ಮಾತಾಡುದೇ ಇಲ್ವಾ ನೀವು?"

ನಿಮ್ಮಪ್ಪ ತಲೆ ಎತ್ತದೆ, "ಹನ್ನೆರಡು ವರ್ಷದಿಂದ ಇಲ್ಲ" ಅಂದರು. ಎಲ್ಲರೂ ನಕ್ಕರು. ನಾನು ಬಾಗಿಲ ಹಿಂದೆ ಬೆವತೆ. ಆ ನಗುವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಬರುತ್ತದೆ.

ನಿಮ್ಮಪ್ಪನ ಕೆಲಸ ಏನೆಂದು ನನಗೆ ಸರಿಯಾಗಿ ತಿಳಿದದ್ದೇ ಆ ವರ್ಷ. ವಿಮಾನ ಹೊರಡುವ ಮೊದಲು ಅದನ್ನು ಪರೀಕ್ಷಿಸಿ, ಹಾರಲು ತಕ್ಕದ್ದಾಗಿದೆ ಎಂದು ಸಹಿ ಹಾಕುವವರು ಅವರು. ಆ ಸಹಿ ಇಲ್ಲದೆ ಅದು ಕದಲುವ ಹಾಗಿಲ್ಲ. ಮದುವೆಗೆ ಮುಂಚೆ ಎರಡು ಚಳಿಗಾಲ ಹಿಮ ಬೀಳುವ ದೇಶವೊಂದರಲ್ಲಿ ಕೆಲಸ ಕಲಿತಿದ್ದರಂತೆ. ಅಲ್ಲಿ ಹೊರಡುವ ಪ್ರತಿ ವಿಮಾನದ ರೆಕ್ಕೆಗೂ ಲಾರಿಯ ಮೇಲಿನ ತೊಟ್ಟಿಯಲ್ಲಿ ನಿಂತು ಬಿಸಿ ದ್ರವ ಹಾರಿಸಿ ಮಂಜುಗಡ್ಡೆ ತೆಗೆಯಬೇಕು. ಮತ್ತೆ ಹಿಡಿಯದಿರಲೆಂದು ಮೇಲೊಂದು ಮಂದವಾದ ದ್ರವ ಬಳಿಯಬೇಕು. ಅದೂ ಇಂತಿಷ್ಟು ನಿಮಿಷ ಮಾತ್ರ ಕಾಯುತ್ತದೆ. ಅಷ್ಟರಲ್ಲಿ ವಿಮಾನ ಏರದಿದ್ದರೆ ವಾಪಸು ಕರೆದು ಮೊದಲಿನಿಂದ ಎಲ್ಲ ಮಾಡಬೇಕು. ಎಷ್ಟೇ ಜನ ಬೈಯಲಿ, ಎಷ್ಟೇ ಹೊತ್ತಾಗಲಿ. ಮುಗಿದ ಮೇಲೆ ಕಣ್ಣಿನಿಂದ ನೋಡಿದರೆ ಸಾಲದು, ಕೈಗವಸು ತೆಗೆದು ಬರಿಗೈಯಲ್ಲಿ ಸವರಬೇಕು. ಗಾಜಿನಂಥ ಗಡ್ಡೆ ಕಣ್ಣಿಗೆ ನೀರಿನ ಹಾಗೇ ಕಾಣುತ್ತದಂತೆ. ಹೀಗೆ ಸವರಿ ಸವರಿ ಬೆರಳ ತುದಿಯ ಚರ್ಮ ಸುಲಿದುಹೋಗಿತ್ತೆಂದು ಅವರು ನಿಮ್ಮಮ್ಮನಿಗೆ ಹೇಳುವುದನ್ನು ನಾನು ಒಳಗಿನಿಂದ ಕೇಳಿದ್ದೆ. ನನ್ನ ಮನಸ್ಸು ಕರಗಲಿಲ್ಲ. ಮೆಕ್ಯಾನಿಕ್ಕೇ ಅಲ್ಲವೇ ಅಂದುಕೊಂಡೆ.

ಕೊರೊನಾ ಶುರುವಾದ ಮೇಲೆ ಜನರ ವಿಮಾನ ನಿಂತರೂ ಸರಕಿನ ವಿಮಾನ ನಿಲ್ಲಲಿಲ್ಲ. ಅಲ್ಲಿನ ಕಾರ್ಖಾನೆಗಳ ರಬ್ಬರ್ ಕೈಗವಸಿಗೆ ಎಲ್ಲ ದೇಶದವರೂ ಕಾದಿದ್ದರು. ನಿಮ್ಮಪ್ಪ ಪೊಲೀಸರಿಗೆ ತೋರಿಸುವ ಪತ್ರ ಇಟ್ಟುಕೊಂಡು ರಾತ್ರಿ ಕೆಲಸಕ್ಕೆ ಹೋಗಿ ಬೆಳಗ್ಗೆ ಹತ್ತಕ್ಕೆ ಬರುತ್ತಿದ್ದರು. ಹೊರಗಿನಿಂದ ಬಂದವರೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಹಾಗಾಗಿ ನಾನೇ ಒಂದು ಕ್ರಮ ಮಾಡಿದ್ದೆ. ಅವರು ಬಾಗಿಲ ಪಕ್ಕದ ಬಕೆಟ್ಟಿಗೆ ಬಟ್ಟೆ ಹಾಕಿ ನೇರ ಸ್ನಾನಕ್ಕೆ ಹೋಗಬೇಕು. ಅವರು ಬಚ್ಚಲ ಬಾಗಿಲು ಹಾಕಿಕೊಂಡ ಶಬ್ದ ಕೇಳಿದ ಕೂಡಲೇ ನಾನು ಬಂದು, ಒಂದು ಕೋಲಿನಿಂದ ಬಟ್ಟೆ ಎತ್ತಿ, ಕುದಿಯುವ ನೀರಿಗೆ ಡೆಟಾಲ್ ಸುರಿದು ಅದರಲ್ಲಿ ಅದ್ದುತ್ತಿದ್ದೆ. ಕೈಯಿಂದ ಮುಟ್ಟುತ್ತಿರಲಿಲ್ಲ. ಮುಟ್ಟದೇ ಇರುವುದೇ ಜಾಣತನ ಅಂದುಕೊಂಡಿದ್ದೆ. ಅವರಿಗೆ ಇದು ಅವಮಾನ ಅನ್ನಿಸಿತ್ತು. "ನಿಮ್ಮಮ್ಮ ನನ್ನ ಅಂಗೀನ ಸತ್ತ ಇಲಿ ಎತ್ತಿದ ಹಾಗೆ ಎತ್ತುತ್ತಾರೆ" ಎಂದು ನಿಮ್ಮಮ್ಮನಿಗೆ ಅಂದಿದ್ದರು. ನನಗೆ ಕೇಳಲೆಂದೇ ಅಂದದ್ದು.

ಆ ದಿನ ಅವರು ಬಂದದ್ದು ಹನ್ನೆರಡರ ಹತ್ತಿರ. ಮುಖ ಕಪ್ಪಿಟ್ಟಿತ್ತು. ಬಟ್ಟೆ ಬಕೆಟ್ಟಿಗೆ ಎಸೆದು ಒಳಗೆ ಹೋದರು. ನಾನು ಎಂದಿನಂತೆ ಕೋಲಿನಿಂದ ಎತ್ತಿ ಬಿಸಿನೀರಿಗೆ ಅದ್ದಿದೆ. ಸ್ವಲ್ಪ ಹೊತ್ತು ಬಿಟ್ಟು ತಿರುವಿದರೆ ನೀರಿನಲ್ಲಿ ನೀಲಿ ಬಣ್ಣ ಎದ್ದಿತು. ಅಂಗಿಯ ಜೇಬಿನಲ್ಲಿ ಮಡಿಸಿದ ಕಾಗದ. ತೆಗೆದು ಬಾಲ್ಕನಿಗೆ ಒಯ್ದು, ಒಣಗಿಸಲು ಮೆಲ್ಲಗೆ ಬಿಡಿಸಿದೆ. ಪೂರ್ತಿ ಅಳಿಸಿರಲಿಲ್ಲ ಆಗ. ಉದ್ದನೆಯ ಒಂದು ಚಿತ್ರ, ಈಳಿಗೆಮಣೆಯ ಅಲಗಿನ ಹಾಗೆ. ಅದರೊಳಗೆ ಮೂರು ಕಡೆ ಗುಣಿಸುವ ಗುರುತು. ಪಕ್ಕದಲ್ಲಿ ಅಂಕಿಗಳು. ಕೆಳಗೆ ಎರಡು ಸಹಿ, ಒಂದು ನಿಮ್ಮಪ್ಪನದು, ಇನ್ನೊಂದು ತಮಿಳು ಅಕ್ಷರದಲ್ಲಿ. ಕೆಳಗಿನ ತಮಿಳರ ಅಂಗಡಿಯ ಬೋರ್ಡು ದಿನಾ ನೋಡಿ ಆ ಅಕ್ಷರಗಳ ರೂಪ ನನಗೆ ಗುರುತಾಗಿತ್ತು. ಯಾವುದೋ ಚೀಟಿ ಎಂದುಕೊಂಡು ಸಂಡಿಗೆ ಹಾಕಿದ್ದ ತಟ್ಟೆಯ ಪಕ್ಕದಲ್ಲಿಟ್ಟು ಮೇಲೊಂದು ಬಟ್ಟಲು ಹೇರಿದೆ. ಸಂಜೆಯ ಹೊತ್ತಿಗೆ ಶಾಯಿ ಹರಡಿ ಅದರಲ್ಲಿ ಒಂದು ನೀಲಿ ಕಲೆ ಮಾತ್ರ ಉಳಿದಿತ್ತು.

ನಾನು ಬಟ್ಟಲು ಹೇರಿ ಒಳಗೆ ಬರುವಷ್ಟರಲ್ಲಿ ನಿಮ್ಮಪ್ಪ ಸ್ನಾನ ಮುಗಿಸಿ ಅಡುಗೆಮನೆಗೆ ಬಂದರು. ನಾನು ಬಾಗಿಲ ಹಿಂದಕ್ಕೆ ಸರಿದೆ. ಅವರು ಫ್ರೀಜರಿನಿಂದ ಕಾಯಿತುರಿಯ ಸ್ಟೀಲ್ ಡಬ್ಬಿ ತೆಗೆದು ಕಟ್ಟೆಯ ಮೇಲೆ ಕುಕ್ಕಿ ನಿಮ್ಮಮ್ಮನನ್ನು ಕರೆದರು. ನೋಡುತ್ತಿದ್ದಂತೆ ಡಬ್ಬಿಯ ಹೊರಮೈ ಬೆವರಿ, ಆ ಬೆವರೇ ಬೆಳ್ಳಗೆ ಹರಳುಗಟ್ಟಿತು.

"ನೋಡು, ಕಾಯಿತುರಿ ಇರೋ ಮಟ್ಟಕ್ಕೇ ಬಿಳೀ ಆಗಿದೆ. ಮೇಲೆ ಖಾಲಿ ಇರೋ ಕಡೆ ಬರೀ ನೀರು. ರೆಕ್ಕೆನೂ ಹಿಂಗೇ. ಒಳಗಡೆ ಇಂಧನ, ಹೊರಗಡೆ ತಗಡು. ಹತ್ತು ಗಂಟೆ ಮೇಲೆ ಹಾರಿ ಬಂದಿರುತ್ತೆ, ಇಂಧನ ಈ ಡಬ್ಬಿ ಥರ ತಣ್ಣಗಿರುತ್ತೆ. ಇಲ್ಲಿನ ಗಾಳೀಲಿ ನೀರಿಗೇನು ಬರ?"

ಆಮೇಲೆ ಆದದ್ದನ್ನು ಹೇಳಿದರು. ಬೆಳಕು ಹರಿಯುವ ಹೊತ್ತಿಗೆ ವಿಮಾನ ಸಿದ್ಧವಾಗಿತ್ತು, ಕೈಗವಸಿನ ಪೆಟ್ಟಿಗೆಗಳು ತುಂಬಿದ್ದವು. ಅದು ಬೇಕಾದ್ದಕ್ಕಿಂತ ಹೆಚ್ಚು ಇಂಧನ ಹೊತ್ತು ಬಂದಿದ್ದರಿಂದ ರೆಕ್ಕೆಯೊಳಗೆ ಅದು ಮೇಲಿನ ತಗಡಿಗೂ ತಾಗಿಕೊಂಡಿತ್ತು. ರೆಕ್ಕೆಯ ಅಡಿಭಾಗದಲ್ಲಿ ತೆಳುವಾಗಿ ಮಂಜು ಹಿಡಿದರೆ ಒಂದು ಮಿತಿಯ ತನಕ ಬಿಡಬಹುದಂತೆ. ಮೇಲ್ಭಾಗದಲ್ಲಿ ಮಾತ್ರ ಒಂದು ಎಳೆಯೂ ಇರಬಾರದು. ಉಪ್ಪಿನ ಕಾಗದದಷ್ಟು ಒರಟಾದರೂ ರೆಕ್ಕೆಗೆ ವಿಮಾನವನ್ನು ಎತ್ತುವ ಶಕ್ತಿ ಕುಂದುತ್ತದೆ. ನಿಮ್ಮಪ್ಪ ಏಣಿ ಹಾಕಿಸಿ ಹತ್ತಿ ಮೂರು ಕಡೆ ಬರಿಗೈಯಲ್ಲಿ ಸವರಿದರು. ಮೂರು ಕಡೆಯೂ ಒರಟು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ತಮಿಳರ ಹಿರಿಯರೊಬ್ಬರು, ನಿವೃತ್ತಿಯ ಹತ್ತಿರ ಬಂದವರು, ಅವರನ್ನೂ ಹತ್ತಿಸಿ ಮುಟ್ಟಿಸಿದರು. ಚೀಟಿಯಲ್ಲಿ ರೆಕ್ಕೆ ಬರೆದು, ಗುರುತು ಹಾಕಿ, ಇಬ್ಬರೂ ಸಹಿ ಮಾಡಿದರು. ಮಂಜು ತೆಗೆಯುವ ಲಾರಿ ಮಲೇಷ್ಯಾದಲ್ಲಿ ಎಲ್ಲಿಂದ ಬರಬೇಕು. ಬೆಚ್ಚಗಿನ ಇಂಧನ ತುಂಬಿಸಿ, ಬಿಸಿಲು ಏರುವ ತನಕ ಕಾದು, ಮತ್ತೊಮ್ಮೆ ಸವರಿ ನೋಡಿಯೇ ಸಹಿ ಹಾಕಿದರು. ಪೈಲಟ್ ನಿಮ್ಮಪ್ಪನ ಮಾತು ನಂಬಿ ಕಾದರು, ಆದರೆ ಅವರು ನೋಡಲು ಬರುವಾಗಲೇ ಮಂಜು ಅರ್ಧ ನೀರಾಗಿತ್ತು. ಮೇಲಿನ ಮನೆಯವರು ಬಂದಾಗ ಪೂರ್ತಿ ನೀರು.

"ಮಲೇಷ್ಯಾದಲ್ಲಿ ಐಸ್ ಬೇಕಾದ್ರೆ ಕೋಪಿ ಅಂಗಡಿಗೆ ಹೋಗ್ಬೇಕು ಮಾರಾಯ, ರೆಕ್ಕೆ ಹತ್ತುದಲ್ಲ" ಎಂದು ಎಲ್ಲರ ಮುಂದೆ ಹೇಳಿದರಂತೆ. ಕೋಪಿ ಎಂದರೆ ಅಲ್ಲಿಯವರ ಕಾಫಿ. ಅಡಿಭಾಗದಲ್ಲಿ ಚೂರು ಇದ್ದಿರಬಹುದು, ಮೇಲೆ ಇದ್ದದ್ದು ಇಬ್ಬನಿ, ನನಗೆ ಕೆಟ್ಟ ಹೆಸರು ಬರಲೆಂದೇ ವಿಮಾನ ನಿಲ್ಲಿಸಿದ್ದಾನೆ ಎಂದು ಅವರ ದೂರು. ಅಲ್ಲಿ ಜನ ಸಾಯುತ್ತಿದ್ದಾರೆ, ಇವನಿಗೆ ಇಬ್ಬನಿಯ ಚಿಂತೆ ಎಂದೂ ಅಂದರಂತೆ. ಇಬ್ಬರು ಇಂಜಿನಿಯರುಗಳಲ್ಲಿ ಒಬ್ಬರನ್ನು ತೆಗೆಯಬೇಕೆಂದು ಮುಖ್ಯ ಕಚೇರಿಯಿಂದ ಆಗಲೇ ಹೇಳಿಕೆ ಬಂದಿತ್ತು. ಯಾರನ್ನೆಂದು ತೀರ್ಮಾನಿಸಲು ಅವರಿಗೆ ಒಂದು ಕಾರಣ ಸಿಕ್ಕಿತು.

"ಹೆದರಬೇಡ. ಚೀಟಿ ಇದೆ, ಅದರಲ್ಲಿ ಆ ಹಿರಿಯರ ಸಹಿನೂ ಇದೆ" ಅಂದರು ನಿಮ್ಮಪ್ಪ. "ನನ್ನ ಅಂಗಿ ಎಲ್ಲಿ?"

ನಿಮ್ಮಮ್ಮ ಬಕೆಟ್ಟಿನಿಂದ ಅಂಗಿ ತೆಗೆದಳು, ಜೇಬು ಖಾಲಿ. ಬಾಗಿಲ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದು ನನ್ನ ಹತ್ತಿರ ಇದೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅಕ್ಷರಗಳೂ ಇನ್ನೂ ಇದ್ದವು. ಬರಲಿಲ್ಲ. ಹನ್ನೆರಡು ವರ್ಷದಿಂದ ಆ ಹೆಜ್ಜೆ ಇಟ್ಟಿರಲಿಲ್ಲ, ಇಂಥ ಮಾತಿಗಾಗಿ ಇಡಲು ಧೈರ್ಯ ಬರಲಿಲ್ಲ. ನಿಮ್ಮಮ್ಮ ನನ್ನನ್ನು ಕೇಳಿದಾಗ ನಾನು ಏನೂ ನೋಡಿಲ್ಲ ಎಂದೆ. ಸಂಜೆ ಒಣಗಿದ ಚೂರನ್ನು ಸಾಸಿವೆ ಡಬ್ಬಿಯ ತಳಕ್ಕೆ ಹಾಕಿ ಮೇಲೆ ಸಾಸಿವೆ ಮುಚ್ಚಿದೆ.

ನಿಮ್ಮಪ್ಪ ಕಾರು ಹುಡುಕಿದರು, ಚೀಲ ಹುಡುಕಿದರು. ಕೆಲಸದ ಜಾಗದಲ್ಲಿ ಅಂಗಿ ಕಳಚಿ ತೂಗುಹಾಕಿದ್ದು ನೆನಪಾಯಿತು. ಆಗ ಹತ್ತಿರ ಇದ್ದವರು ಆ ಹಿರಿಯರೊಬ್ಬರೇ. ಮರುದಿನ ಫೋನಿನಲ್ಲಿ ಅವರನ್ನು ಕೇಳಿಯೇಬಿಟ್ಟರು. ಮೇಲಿನವರಿಗೆ ಹೆದರಿ ಜೇಬಿನಿಂದ ತೆಗೆದಿರಾ ಎಂದು. ಅವರು ಏನೆಂದರೋ, ನಿಮ್ಮಪ್ಪನ ದನಿ ಏರಿತು, ಕಳ್ಳ ಎಂಬ ಮಾತು ಬಂತು. ನಾನು ಪುಟ್ಟನಿಗೆ ಎಣ್ಣೆ ಹಚ್ಚುತ್ತಿದ್ದೆ. ಕೈ ನಿಂತಿತು, ಪುಟ್ಟ ಅಳಲು ಶುರು ಮಾಡಿದ. ಎರಡು ದಿನ ಬಿಟ್ಟು ಆ ಹಿರಿಯರು ಕಂಪನಿಗೆ ಹೇಳಿಕೆ ಕೊಟ್ಟರು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ, ಮೇಲೆ ಹತ್ತಲಿಲ್ಲ, ಏನನ್ನೂ ಮುಟ್ಟಲಿಲ್ಲ ಎಂದು. ಇಷ್ಟೇ.

ಆಮೇಲಿನ ದಿನಗಳು ಹೇಗಿದ್ದವೆಂದರೆ, ಮನೆಯಲ್ಲಿ ಲೋಟ ಇಟ್ಟ ಶಬ್ದಕ್ಕೂ ಜಗಳವಾಗುತ್ತಿತ್ತು. ನಿಮ್ಮಮ್ಮ ಕಂಪ್ಯೂಟರ್ ಮುಂದೆ ಕೂತು ಅಳುತ್ತ ಕೆಲಸ ಮಾಡುತ್ತಿದ್ದಳು. ಕೆಲಸ ಹೋದರೆ ಅಲ್ಲಿರುವ ಅನುಮತಿ ಹೋಗುತ್ತದೆ, ಊರಿಗೆ ವಿಮಾನವಿಲ್ಲ, ಪುಟ್ಟನಿಗೆ ಪಾಸ್‌ಪೋರ್ಟೇ ಇಲ್ಲ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಮೇಲಿನ ಮನೆಯಾಕೆ, ಕೆಲವರಿಗೆ ಇಂಥ ಕಾಲದಲ್ಲೂ ಸ್ವಂತ ಪ್ರತಿಷ್ಠೆ ದೊಡ್ಡದು ಎಂದು ಹೆಸರು ಹಾಕದೆ ಬರೆದಳು. ಅದರ ಕೆಳಗೆ ಹನ್ನೊಂದು ಜನ ಕೈ ಮುಗಿದಿದ್ದರು. ನಾನು ಕಸದ ಚೀಲ ಹಿಡಿದು ಲಿಫ್ಟಿಗೆ ಕಾದಿದ್ದಾಗ ಅವರು ಗಂಡ ಹೆಂಡತಿ ಒಳಗಿದ್ದರು. ಇಬ್ಬರಿಗಿಂತ ಹೆಚ್ಚು ಜನ ಇರಬಾರದೆಂಬ ನಿಯಮ ತೋರಿಸಿ ನನ್ನ ಮುಖದ ಮುಂದೆ ಗುಂಡಿ ಒತ್ತಿದರು. ನಿಯಮ ನಿಜವೇ. ಒತ್ತಿದ ರೀತಿಯಿಂದ ಮೈ ಉರಿಯಿತು. ಅದೇ ಉರಿಯಲ್ಲಿ ಒಳಗೆ ಬಂದು ಒಗ್ಗರಣೆಗೆ ಸಾಸಿವೆ ತೆಗೆಯಲು ಡಬ್ಬಿ ಮುಚ್ಚಳ ತೆಗೆದರೆ, ಕಾಗದದ ಒಂದು ಮೂಲೆ ಮೇಲೆದ್ದಿತ್ತು.

ಏಳನೆಯ ದಿನ ಮಧ್ಯಾಹ್ನ ಎರಡಕ್ಕೆ ವಿಚಾರಣೆ, ಕಂಪ್ಯೂಟರಿನಲ್ಲಿ. ಬೆಳಗ್ಗೆ ನಿಮ್ಮಪ್ಪ ಹಜಾರದಲ್ಲಿ ನಿಂತು, ಆ ಮುದುಕ ಕದ್ದದ್ದು ನಿಜ, ಅದನ್ನೂ ಅಲ್ಲಿ ಹೇಳುತ್ತೇನೆ ಎಂದರು. ಕದ್ದವನೆಂದು ಹತ್ತು ಜನರ ಮುಂದೆ ಹೇಳಿಸಿಕೊಂಡ ಮನುಷ್ಯ ಈ ಕಾಲದಲ್ಲಿ ಮತ್ತೆ ಕೆಲಸ ಎಲ್ಲಿ ಹುಡುಕುತ್ತಾನೆ. ನಾನು ಚಿನ್ನುವನ್ನು ಹತ್ತಿರ ಕರೆದೆ. ಅಪ್ಪನಿಗೆ ಹೇಳು, ಅಂಗಿ ಒಗೆಯುವಾಗ ಅಜ್ಜಿಗೆ ಒಂದು ಕಾಗದ ಸಿಕ್ಕಿತ್ತು ಅಂತ, ಎಂದು ಪಿಸುಗುಟ್ಟಿದೆ. ಚಿನ್ನೂ, ನಿನಗೆ ನೆನಪಿದೆಯೋ ಇಲ್ಲವೋ. ನೀನು ನನ್ನನ್ನೇ ನೋಡಿದೆ. ಆ ಏಳು ದಿನದ ಕೂಗಾಟವೆಲ್ಲ ನಿನ್ನ ಮುಖದಲ್ಲಿತ್ತು.

"ಯೂ ಟೆಲ್ ಹಿಮ್, ಅಜ್ಜಿ," ಅಂದೆ ನೀನು, ಅಲ್ಲಿಯ ಮಕ್ಕಳ ಹಾಗೆ ಮಾತಿನ ಕೊನೆಗೊಂದು ಲಾ ಸೇರಿಸಿ. "ಐ ಆಮ್ ನಾಟ್ ಯುವರ್ ಫೋನ್ ಲಾ."

ನಾನು ಸಾಸಿವೆ ಡಬ್ಬಿ ಹಿಡಿದು ಹಜಾರಕ್ಕೆ ಹೋದೆ. ಮುಚ್ಚಳದ ಮೇಲೆ ಸಾಸಿವೆ ಸುರುವಿ ಚೂರನ್ನು ತೆಗೆದು ಮೇಜಿನ ಮೇಲಿಟ್ಟೆ. ಜೇಬು ನೋಡದೆ ನೀರಿಗೆ ಹಾಕಿದ್ದು ನಾನೇ, ಹೇಳದೆ ಮುಚ್ಚಿಟ್ಟದ್ದೂ ನಾನೇ ಎಂದೆ. ಸ್ವರ ಹೊರಟದ್ದು ನನಗೇ ಆಶ್ಚರ್ಯ.

ನಿಮ್ಮಪ್ಪ ಕಾಗದವನ್ನು ಮುಟ್ಟಲಿಲ್ಲ. "ಏಳು ದಿನ," ಅಂದರು. "ನಾನು ಕೆಲಸ ಕಳ್ಕೊಂಡ್ರೆ ನಿಮ್ಗೆ ಖುಷಿನಾ? ಆದ್ರೆ ಆಗ್ಲಿ ಬಿಡಿ. ಮೆಕ್ಯಾನಿಕ್ ತಾನೆ."

"ಹೌದು," ಎಂದೆ. "ಅವತ್ತು ಹಾಗಂದಿದ್ದೆ."

ನಿಮ್ಮಮ್ಮ ನಮ್ಮಿಬ್ಬರ ನಡುವೆ ಬಂದು ನಿಂತಳು. ಅವರು ಇನ್ನೂ ಏನೇನೋ ಅಂದರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ, ಅದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಕೊನೆಗೆ ಮಧ್ಯಾಹ್ನ ನೀವೂ ಕೂರಬೇಕು, ಇದನ್ನು ಅಲ್ಲೇ ಹೇಳಬೇಕು ಎಂದರು. ಕಾಗದದಲ್ಲಿ ಏನಿತ್ತೆಂದು ನಾನು ಹೇಳಲು ಹೊರಟಾಗ ಕೈ ಎತ್ತಿ ತಡೆದರು.

"ನನಗೆ ಹೇಳ್ಬೇಡಿ. ಏನು ನೋಡಿದ್ರೋ ಅಲ್ಲೇ ಹೇಳಿ. ಮೊದ್ಲೇ ಕೇಳಿಸ್ಕೊಂಡ್ರೆ ನಾನು ಹೇಳಿಕೊಟ್ಟ ಹಾಗಾಗುತ್ತೆ." ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಎರಡು ಗಂಟೆಯ ತನಕ ಅಲ್ಲೇ ಬೆವರುತ್ತ ನಿಂತರು, ನೀರಿಗೂ ಒಳಗೆ ಬರಲಿಲ್ಲ.

ಕಂಪ್ಯೂಟರನ್ನು ಕುಕ್ಕರಿನ ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಪರದೆಯಲ್ಲಿ ಚೌಕ ಚೌಕವಾಗಿ ಮುಖಗಳು. ವಿಚಾರಣೆ ನಡೆಸುತ್ತಿದ್ದದ್ದು ಮುಖ್ಯ ಕಚೇರಿಯ ಒಬ್ಬ ಮಲಯ ಹೆಂಗಸು, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಒಂದು ಚೌಕದಲ್ಲಿ ಮೇಲಿನ ಮನೆಯವರು. ಇನ್ನೊಂದರಲ್ಲಿ ಬೆಳ್ಳಗಿನ ಮೀಸೆಯ ಒಬ್ಬರು, ಮಾಸ್ಕನ್ನು ಗಲ್ಲದ ಕೆಳಗೆ ಇಳಿಸಿಕೊಂಡು ಬೇರೆ ಕಡೆ ನೋಡುತ್ತಿದ್ದರು. ನಿಮ್ಮಪ್ಪ ಬಾಯಿ ತೆರೆಯುವ ಮೊದಲೇ ಯಾರೆಂದು ತಿಳಿಯಿತು. ನಿಮ್ಮಪ್ಪ ತಮ್ಮ ಮಾತು ಮುಗಿಸಿ, ಚೀಟಿಯ ಬಗ್ಗೆ ಹೇಳಲು ಮನೆಯವರೊಬ್ಬರಿದ್ದಾರೆ, ಅವರಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ ಎಂದರು. ಇಂಗ್ಲಿಷಿಗೆ ತಿರುಗಿಸಲು ಮನೆಯವರು ಬೇಡ ಎಂದಳು ಆ ಹೆಂಗಸು. ಬೇರೆ ಕನ್ನಡ ಬಲ್ಲವರು ಯಾರಿದ್ದಾರೆ? ಇದ್ದದ್ದು ಒಬ್ಬರೇ. ಮೇಲಿನ ಮನೆಯವರು ಕುರ್ಚಿಯಲ್ಲಿ ಸರಿದು ಕೂತರು.

ನನ್ನ ಮಾತನ್ನು ಆ ಮನುಷ್ಯನ ಬಾಯಲ್ಲಿ ಇಡಬೇಕಾಯಿತು. ಹಿಡಿಯಲು ಪಕ್ಕದಲ್ಲಿ ನಿಂತಿದ್ದ ನಿಮ್ಮಮ್ಮನಿಗೆ ಸೆರಗಿಲ್ಲ, ಅವಳ ಪ್ಯಾಂಟಿನ ಬಟ್ಟೆಯನ್ನೇ ಮುಷ್ಟಿಯಲ್ಲಿ ಹಿಡಿದೆ. ಅಂಗಿಯನ್ನು ಕೋಲಿನಿಂದ ಎತ್ತಿದ್ದು, ಕುದಿಯುವ ನೀರು, ನೀಲಿ ಬಣ್ಣ, ಈಳಿಗೆಯ ಅಲಗಿನಂಥ ಚಿತ್ರ, ಮೂರು ಗುರುತು, ಕೆಳಗೆ ಎರಡು ಸಹಿ, ಒಂದು ತಮಿಳಿನದು, ಎಲ್ಲ ಹೇಳಿದೆ. ಆ ಹಿರಿಯರು ಏನನ್ನೂ ಕದ್ದಿಲ್ಲ, ಕಾಗದ ನಮ್ಮ ಮನೆಯ ಸಾಸಿವೆ ಡಬ್ಬಿಯಲ್ಲಿತ್ತು, ಅವರಿಗೆ ಬಂದ ಕೆಟ್ಟ ಹೆಸರಿಗೆ ನಾನು ಕಾರಣ ಎಂದೂ ಹೇಳಿದೆ.

ಮೇಲಿನ ಮನೆಯವರು ಒಂದೊಂದೇ ವಾಕ್ಯ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ನಿಮ್ಮಮ್ಮ ಅದನ್ನೇ ಗಮನವಿಟ್ಟು ಕೇಳುತ್ತಿದ್ದಳು. ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಅಮ್ಮಾ, ಮೂರು ಗುರುತು, ಎರಡು ಸಹಿ, ಇದೆಲ್ಲ ನಿಮ್ಮ ಅಳಿಯ ಮೊದಲೇ ಇಲ್ಲಿ ಹೇಳಿ ಆಗಿದೆ. ನಿಮಗೆ ಹೇಳಿಕೊಟ್ಟದ್ದು ಅವನೇ ಅಲ್ವಾ?"

ನನಗೆ ಎಲ್ಲಿಂದ ಸಿಟ್ಟು ಬಂತೋ. "ನಮ್ಮ ಅಳಿಯಂದಿರು ನನಗೆ ಹೇಳಿಕೊಡೋದಾ? ಅವತ್ತು ನಮ್ಮನೇಲಿ ಊಟ ಮಾಡ್ತಾ ನಕ್ಕವರು ನೀವೇ ಅಲ್ವಾ? ನಾವು ಮಾತಾಡ್ತೀವೋ ಇಲ್ವೋ ನಿಮ್ಗೆ ಗೊತ್ತಿಲ್ವಾ?"

ನಾನು ಏನೆಂದೆನೆಂದು ಆ ಹೆಂಗಸು ಅವರನ್ನು ಕೇಳಿದಳು. ಮತ್ತೊಮ್ಮೆ ಕೇಳಿದಳು. ಏನಿಲ್ಲ, ಮುದುಕಿ ಏನೋ ಹೇಳುತ್ತಾಳೆ ಎಂದು ಒಂದು ಮಾತಿನಲ್ಲಿ ಹಾರಿಸಬಹುದಿತ್ತು. ನಮ್ಮ ಕಡೆಯವರು ತಿರುಗಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅವರು ನೀರು ಕುಡಿದು, ನಿಧಾನವಾಗಿ ಹೇಳಿದರು. ಅವರು ಹೇಳಿದ್ದನ್ನು ನಿಮ್ಮಮ್ಮ ಆಮೇಲೆ ನನಗೆ ಅಕ್ಷರಕ್ಕೆ ಅಕ್ಷರ ತಿಳಿಸಿದಳು. ಈ ಅತ್ತೆ ಅಳಿಯ ಒಬ್ಬರಿಗೊಬ್ಬರು ಮಾತಾಡುವುದಿಲ್ಲವೆಂದು ಈಕೆ ಹೇಳುತ್ತಿದ್ದಾಳೆ. ಅದು ಅವರ ಕಡೆಯ ಪದ್ಧತಿ. ಅದು ನಿಜ, ನಾನೇ ನೋಡಿದ್ದೇನೆ. ಹನ್ನೆರಡು ವರ್ಷದಿಂದ ಮಾತಿಲ್ಲ.

ಆಗ ಬಿಳಿ ಮೀಸೆಯವರು ಮಾತಾಡಿದರು. ಕಳ್ಳ ಎಂದವನ ಪರವಾಗಿ ನಾನೇಕೆ ಸಾಕ್ಷಿ ಹೇಳಬೇಕಿತ್ತು ಎಂದು ಶುರು ಮಾಡಿದರಂತೆ. ಮೊದಲು ಅವನು ಆ ಮಾತು ವಾಪಸು ತೆಗೆದುಕೊಳ್ಳಲಿ. ನಿಮ್ಮಪ್ಪ ಪರದೆಯ ಮುಂದೆ ಬಗ್ಗಿದರು. ತಮಿಳರ ರೀತಿಯಲ್ಲಿ ಅಣ್ಣ ಎಂದು ಕರೆದು, "ಸಾರಿ, ಅಣ್ಣೆ" ಎಂದರು, ಇಷ್ಟೇ. ಅದು ಹೊರಬರಲು ಹೊತ್ತು ಹಿಡಿಯಿತು. ಆ ಹಿರಿಯರು ಹೇಳಿಕೆ ಬದಲಾಯಿಸಿದರು. ಏಣಿ ಹತ್ತಿದ್ದೆ, ಮೂರು ಕಡೆ ಮುಟ್ಟಿದ್ದೆ, ಉಪ್ಪಿನ ಕಾಗದದ ಹಾಗಿತ್ತು, ಸಹಿ ನನ್ನದೇ, ನಾನು ಎಲ್ಲೆಡೆ ತಮಿಳಿನಲ್ಲೇ ಸಹಿ ಮಾಡುವುದು ಎಂದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಕೈ ಮುಗಿದುಕೊಂಡೇ ಇದ್ದೆ. "ಪೋದುಂ ಅಮ್ಮಾ," ಅಂದರು. ಸಾಕು ಎಂದು. ಕ್ಷಮಿಸಿದೆ ಎಂದಲ್ಲ, ಸಾಕು ಎಂದು.

ನಿಮ್ಮಪ್ಪನ ಕೆಲಸ ಉಳಿಯಿತು. ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ತಿಂಗಳೊಳಗೆ ಆ ಹಿರಿಯರ ಕಾಂಟ್ರಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರಂತೆ. ಇದ್ದಿರಲಿಕ್ಕಿಲ್ಲ. ನಿಮ್ಮಪ್ಪ ಮೂರು ಸಲ ಅವರಿಗೆ ಫೋನ್ ಮಾಡಿದರು, ಅವರು ಎತ್ತಲಿಲ್ಲ. ಮೇಲಿನ ಮನೆಯವರು ನಮ್ಮ ಮನೆಗೆ ಮತ್ತೆ ಕಾಲಿಡಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ಅವರೊಬ್ಬರೇ ಸಿಕ್ಕಾಗ ನಾನು ಧೈರ್ಯ ಮಾಡಿ, ಅವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಉಪಕಾರವಾಯಿತು ಎಂದೆ.

"ಉಪಕಾರ ಎಂತದು. ಹೇಳಿದ್ದನ್ನು ಹೇಳಿದೆ," ಅಂದರು ಬಾಗಿಲು ನೋಡುತ್ತಾ. "ಅವತ್ತು ಇದ್ದದ್ದು ಇಬ್ಬನಿ. ನನಗೆ ಇವತ್ತಿಗೂ ಅನುಮಾನ ಇಲ್ಲ."

ಅವರು ರೆಕ್ಕೆಯನ್ನು ಮುಟ್ಟಿರಲಿಲ್ಲ. ಅದನ್ನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ನನ್ನ ಮಹಡಿ ಬಂತು. ಮೇಲಾಗಿ ನಾನು ಹೇಳುವ ಹಾಗೂ ಇರಲಿಲ್ಲ. ಜೇಬನ್ನು ಮುಟ್ಟದೆ ಬಟ್ಟೆ ನೀರಿಗೆ ಹಾಕಿದವಳು ನಾನು.

ನಿಮ್ಮಪ್ಪ ವಿಚಾರಣೆಯ ಮರುದಿನದಿಂದ ಕೆಲಸ ಮುಗಿಸಿ ಬಂದಾಗ ಬಾಗಿಲ ಬಳಿ ನಿಂತು ಜೇಬಿನಲ್ಲಿರುವುದನ್ನು ಒಂದೊಂದಾಗಿ ಚಪ್ಪಲಿ ಗೂಡಿನ ಮೇಲೆ ಇಡತೊಡಗಿದರು. ಪೆನ್ನು, ಟಾರ್ಚು, ಪೊಲೀಸರಿಗೆ ತೋರಿಸುವ ಪತ್ರ. ಇಟ್ಟು, ಅಡುಗೆಮನೆಯ ಕಡೆ ತಿರುಗಿ, "ಅತ್ತೆ, ಜೇಬು ಖಾಲಿ" ಎನ್ನುತ್ತಿದ್ದರು. ನನ್ನನ್ನು ಚುಚ್ಚಲು ಹಾಗೆನ್ನುತ್ತಾರೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಚುಚ್ಚಲೇ ಇದ್ದಿರಬೇಕು, ಮೊದಮೊದಲು. ನಾನು ಕೋಲು ಹಿಡಿದು ಬಂದರೆ ಒಂದು ದಿನ ಬಚ್ಚಲಿಗೆ ಹೋಗದೆ ಅಲ್ಲೇ ನಿಂತರು.

"ಕೈ ಹಾಕಿ ನೋಡಿ," ಅಂದರು. "ನಾನು ಖಾಲಿ ಅಂದೆ ಅಂತ ನಂಬೋದಲ್ಲ."

ಕೋಲು ಗೋಡೆಗೊರಗಿಸಿ ಬಕೆಟ್ಟಿನಲ್ಲಿದ್ದ ಅಂಗಿಯ ಜೇಬಿಗೆ ಕೈ ಹಾಕಿದೆ. ಬೆವರಿನಿಂದ ಒದ್ದೆಯಾದ ಬಟ್ಟೆ, ಒಳಗೆ ಏನೂ ಇಲ್ಲ. ಇಲ್ಲ ಎಂದೆ. ಅವರು ತಲೆಯಾಡಿಸಿ ಸ್ನಾನಕ್ಕೆ ಹೋದರು. ನಾನು ಊರಿಗೆ ಮರಳುವ ತನಕ ನಮ್ಮಿಬ್ಬರ ನಡುವೆ ನಡೆದ ಮಾತು ದಿನಕ್ಕೆ ಇಷ್ಟೇ. ಈಗಲೂ ಫೋನಿನಲ್ಲಿ ಅದಕ್ಕಿಂತ ಹೆಚ್ಚಿಲ್ಲ.

ಆ ನೀಲಿ ಕಲೆಯ ಕಾಗದವನ್ನು ಈ ಬರಹದ ಕೊನೆಯ ಹಾಳೆಗೆ ಅನ್ನದ ಅಗುಳಿನಿಂದ ಅಂಟಿಸಿದ್ದೇನೆ. ಅದರಲ್ಲಿ ರೆಕ್ಕೆ ಕಾಣುವುದಿಲ್ಲ, ಸಹಿಯೂ ಕಾಣುವುದಿಲ್ಲ. ನೋಡಿದವರಿಗೆ ಕಸವೆನ್ನಿಸಬಹುದು, ಎಸೆಯಬೇಡಿ. ಚಿನ್ನೂ, ನೀನು ದೊಡ್ಡವಳು, ಈ ಹಾಳೆಗಳನ್ನು ನಿನ್ನ ಹತ್ತಿರ ಇಟ್ಟುಕೋ, ಪುಟ್ಟನಿಗೂ ತೋರಿಸು. ನೀರು ತಾಗದ ಕಡೆ ಇಡಿ. ಯಾವ ಅಂಗಿಯ ಜೇಬಿನಲ್ಲೂ ಮಾತ್ರ ಇಡಬೇಡಿ.